ಬೀಗಿತ್ತಿ ಮನೆಯ ಬೀಗ

ಗಂಡನ ಮನೆ ಬಿಟ್ಟು ಬಂದ ಹನ್ನೊಂದು ಹೆಣ್ಣುಮಕ್ಕಳನ್ನು ಸಬೊಹತ್ ಒಂಬತ್ತು ವರ್ಷಗಳಲ್ಲಿ ವಾಪಸು ಕರೆದುಕೊಂಡು ಹೋಗಿ ಬಿಟ್ಟು ಬಂದಿದ್ದಳು. ಕೋಕಂದ್ ಪಟ್ಟಣದ ಗುಲ್‌ಬೊಗ್ ಮಹಲ್ಲಾದ ಸಮಿತಿಯಲ್ಲಿ ಅವಳ ಕೆಲಸವೇ ಅದು. ಮುನ್ನೂರು ಮನೆಗಳ ಕೇರಿ. ಅದಕ್ಕೊಬ್ಬ ಅಧ್ಯಕ್ಷ, ಒಂದು ಕಚೇರಿ, ಒಂದು ಮೊಹರು. ಕಾಲುವೆಯ ಹೂಳು ತೆಗೆಸುವುದು, ಮದುವೆ ಮನೆಗೆ ಹಂಡೆ ಕೊಡಿಸುವುದು, ಸತ್ತವರ ಮನೆಗೆ ಬೆಂಚು ಕಳಿಸುವುದು ಗಂಡಸರ ಪಾಲಿನ ಕೆಲಸ. ಮನೆಯೊಳಗಿನ ಜಗಳ ಸಬೊಹತಳ ಪಾಲು. ಕೇರಿಗೆಲ್ಲ ಅವಳು ಒಪಾ, ಅಕ್ಕ. ಮೂರು ವರ್ಷದಿಂದ ಆ ಕೇರಿಯಲ್ಲಿ ಒಂದು ವಿಚ್ಛೇದನವೂ ಆಗಿರಲಿಲ್ಲ. ಅದಕ್ಕಾಗಿ ನಗರಸಭೆಯವರು ಕೊಟ್ಟ ಪ್ರಶಸ್ತಿಪತ್ರಕ್ಕೆ ಅವಳ ಗಂಡ ಎರ್ಗಶ್ ತಾನೇ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದ.

ಅಕ್ಟೋಬರಿನ ಒಂದು ಮಧ್ಯಾಹ್ನ ಅವಳು ಅಂಗಳದ ಮಂಚದ ಮೇಲೆ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದಾಗ, ಹನ್ನೆರಡನೆಯವಳು ತಾನಾಗಿಯೇ ಬಾಗಿಲು ತಳ್ಳಿಕೊಂಡು ಬಂದಳು. ಸಬೊಹತಳದೇ ಮಗಳು, ಅವಳನ್ನು ಒಯಿ, ಅಮ್ಮ, ಎಂದು ಕರೆಯುವ ಒಯ್ದಿನ್. ಕಾಲಲ್ಲಿ ಮನೆಯೊಳಗೆ ಹಾಕುವ ಚಪ್ಪಲಿ, ಬೆರಳಿಗೆ ಅಂಟಿ ಒಣಗಿದ ಹಿಟ್ಟು, ಕಂಕುಳಲ್ಲಿ ಎರಡೂವರೆ ವರ್ಷದ ಲೋಲಾ.

"ಏನೇ ಇದು, ಈ ಅವತಾರದಲ್ಲಿ? ಇಲ್ಹೊಮ್ ಎಲ್ಲಿ?"

"ಅಂಗಡೀಲಿ. ಗ್ಯಾಸಿನವನು ಮೀಟರ್ ನೋಡೋಕೆ ಬಂದಿದ್ದ, ಒಯಿ. ಅವನು ಹೋದ ಮೇಲೆ ಅತ್ತೆ ಬೀಗ ಹಾಕೋದು ಮರೆತ್ರು. ಬಂದ್ಬಿಟ್ಟೆ."

"ಬೀಗಾನಾ? ಹಗಲು ಹೊತ್ತಲ್ಲೂ?"

"ನಾಲ್ಕು ತಿಂಗಳಾಯ್ತು. ಅವರು ಆಚೆ ಹೋದ್ರೆ ಹೊರಗಿಂದ ಬೀಗ. ಮನೇಲಿದ್ರೆ ಒಳಗಿಂದ. ಕೀಲಿ ಅವರ ಸೊಂಟದಲ್ಲಿ, ನನ್ನ ಫೋನು ಅವರ ಪೆಟ್ಟಿಗೇಲಿ. ದವಾಖಾನೇಲಿ ನರ್ಸ್ ಕೆಲಸ ಮತ್ತೆ ಕೇಳ್ಲಾ ಅಂತ ಒಂದೇ ಒಂದು ಸಲ ಬಾಯಿ ಬಿಟ್ಟೆ, ಅಷ್ಟೆ."

ಒಳಗಿನಿಂದ ಎರ್ಗಶ್‌ನ ತಾಯಿ ತುರ್ಸುನೊಯ್ ಗೋಡೆ ಹಿಡಿದುಕೊಂಡು ಬಂದಳು. ಎಂಬತ್ತು ದಾಟಿದವಳು. ಮನೆಯವರಿಗೆಲ್ಲ ಅವಳು ಬುವಿ, ಅಜ್ಜಿ. ಮೊಮ್ಮಗಳ ಕಾಲಿನ ಕಡೆ ನೋಡಿದ್ದೇ ಅವಳಿಗೆ ಎಲ್ಲ ತಿಳಿದುಹೋಯಿತು.

"ಸಂಜೆ ಒಳಗೆ ಬಿಟ್ಟು ಬಾ, ಸಬೊಹತ್. ಒಂದು ರಾತ್ರಿ ಇಲ್ಲಿ ಮಲಗಿದ್ಲು ಅಂದ್ರೆ ಕೇರಿ ಬಾಯಿಗೆ ಒಂದು ವರ್ಷದ ಮೇವು."

"ಬುವಿ, ನಾನೇನು ತಪ್ಪಿಸಿಕೊಂಡ ಹಸುವಾ?" ಎಂದಳು ಒಯ್ದಿನ್.

"ಹಸು ಆಗಿದ್ರೆ ಕಟ್ಟಿಹಾಕಿ ಸುಮ್ಮನಿರ್ತಿದ್ದೆ. ಹೆಂಗಸಿಗೆ ಮಾತೂ ಹೇಳ್ಬೇಕು."

ಎರ್ಗಶ್ ಫ್ರಿಜ್ ರಿಪೇರಿ ಮಾಡುವವನು. ಊಟಕ್ಕೆ ಬಂದವನು ಮಗಳ ತಲೆ ಸವರಿ, ಮೊಮ್ಮಗಳಿಗೆ ಸಕ್ಕರೆ ಕೊಟ್ಟು, ಕುಂಬಳದ ಕಡುಬನ್ನು ತಟ್ಟೆಗೆ ಹಾಕಿಕೊಂಡು ತಿಂದ. ಹೆಂಡತಿ ಅವನ ಮುಖ ನೋಡಿದಾಗ, "ನಿನ್ನ ಇಲಾಖೆ ಇದು, ನಿನಗೇ ಚೆನ್ನಾಗಿ ಗೊತ್ತು," ಎಂದ.

ಸಬೊಹತಳಿಗೆ ಚೆನ್ನಾಗಿಯೇ ಗೊತ್ತಿತ್ತು. ಮೊದಲ ದಿನವೇ ವಾಪಸಾದರೆ ಅದು ಬರೀ ಮುನಿಸು. ಮೂರು ದಿನವಾದರೆ ಅದು ವಿಷಯ. ಇತರರ ಮಕ್ಕಳಿಗೆ ಹೇಳುತ್ತಿದ್ದುದನ್ನೇ ಮಗಳಿಗೂ ಹೇಳಿದಳು: ಸ್ವಲ್ಪ ತಾಳ್ಕೋ, ಮಗು ಮುಖ ನೋಡು, ನಾನು ಮಾತಾಡ್ತೀನಿ. ಒಯ್ದಿನ್ ಅಳಲಿಲ್ಲ. ಕೈ ತೊಳೆದುಕೊಂಡು, ತನ್ನ ಹಳೆಯ ಬೂಟು ಹುಡುಕಿ ಹಾಕಿಕೊಂಡು ಹೊರಟಳು.

ಎರಡು ಗಲ್ಲಿ ದಾಟಿದರೆ ಬೀಗಿತ್ತಿ ಇನೊಯತಳ ಮನೆ. ಅವಳು ನಗುನಗುತ್ತಾ ಬಾಗಿಲಿಗೆ ಬಂದು ಸಬೊಹತಳನ್ನು ಅಪ್ಪಿಕೊಂಡಳು. "ಮಗಳು ತೌರಿಗೆ ಹೋಗ್ತೀನಿ ಅಂದಿದ್ರೆ ನಾನೇ ಕಳಿಸ್ತಿದ್ದೆ, ಬೀಗಿತ್ತಿ! ರೊಟ್ಟಿ ಹಿಟ್ಟು ನಾದ್ತಾ ನಾದ್ತಾ ಮಾಯ. ನನ್ನ ಎದೆ ಧಸಕ್ ಅಂತು. ದೊಡ್ಡ ಸೊಸೆ ಹಾಗೇ ಒಂದಿನ ಬಾಗಿಲು ತೆಗೆದು ಹೋದವಳು, ನಾಲ್ಕು ವರ್ಷ ಆಯ್ತು, ಮೊಮ್ಮಗನ ಮುಖಾನೂ ತೋರಿಸಿಲ್ಲ."

ಚಹಾ ಬಂತು, ಒಣದ್ರಾಕ್ಷಿ ಬಂತು, ಬಿಸಿ ರೊಟ್ಟಿ ಬಂತು. ಕೂತ ಜಾಗದಿಂದ ಸಬೊಹತಳಿಗೆ ಬಾಗಿಲ ಪಕ್ಕದ ಮೊಳೆ ಕಾಣುತ್ತಿತ್ತು. ಅದರಲ್ಲಿ ಅಂಗೈ ಅಗಲದ ಬೀಗ ನೇತಾಡುತ್ತಿತ್ತು. ಅವಳು ಅದನ್ನು ನೋಡಿದಳು. ಇನ್ನೊಂದು ಬಟ್ಟಲು ಚಹಾ ಕುಡಿದಳು. ಚಳಿ ಜಾಸ್ತಿಯಾಯಿತು, ಈ ಸಲ ದಾಳಿಂಬೆ ಸಿಹಿಯಿಲ್ಲ, ಇಂಥ ಮಾತಾಡಿ ಎದ್ದು ಬಂದಳು.

ಎರಡು ವಾರ ಮಗಳ ಸುದ್ದಿಯಿಲ್ಲ. ಫೋನ್ ಮಾಡಿದರೆ ಇನೊಯತಳೇ ಎತ್ತುತ್ತಿದ್ದಳು. "ಬಟ್ಟೆ ಒಗೀತಿದ್ದಾಳೆ." "ಮಗು ಮಲಗಿಸ್ತಿದ್ದಾಳೆ." ಒಂದು ಗುರುವಾರ ಸಬೊಹತ್ ಬಿಸಿ ಸಮೋಸ ಮಾಡಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಕಬ್ಬಿಣದ ಬಾಗಿಲಿಗೆ ಹೊರಗಿನಿಂದ ಬೀಗ. ತಟ್ಟಿದಳು.

"ಯಾರು?"

"ನಾನು ಕಣೇ."

"ಅತ್ತೆ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದಾರೆ, ಒಯಿ. ಸಂಜೆ ಬರ್ತಾರೆ."

ಬಾಗಿಲಿನ ಎರಡು ರೆಕ್ಕೆಗಳ ನಡುವೆ ಎರಡು ಬೆರಳಿನಷ್ಟು ಸಂದು. ಅದರಲ್ಲಿ ಮಗಳ ಒಂದು ಕಣ್ಣು, ಕೆಳಗೆ ಲೋಲಾಳ ಒಂದು ಕಣ್ಣು. ಸಮೋಸ ಆ ಸಂದಿಯಲ್ಲಿ ತೂರಲಿಲ್ಲ. ಸಬೊಹತ್ ಅದನ್ನು ಮುರಿದು ಚೂರು ಚೂರು ಮಾಡಿ ಒಳಗೆ ಕೊಟ್ಟಳು. ಆ ಕಡೆಯಿಂದ ಪುಟ್ಟ ಬಾಯಿ ಅಗಿಯುವ ಸದ್ದು.

"ಹೋಗಿ ಒಯಿ. ಚಳೀಲಿ ನಿಂತ್ಕೋಬೇಡಿ. ಯಾರಾದ್ರೂ ನೋಡ್ತಾರೆ."

ಆಗಲೇ ನೋಡಿಯಾಗಿತ್ತು. ಪಕ್ಕದ ಮನೆಯ ಹಫೀಜಾ ಕಸದ ಬುಟ್ಟಿ ಹಿಡಿದು ನಿಂತಿದ್ದಳು. ಸಬೊಹತ್ ವಾಪಸು ಬಿಟ್ಟು ಬಂದ ಹನ್ನೊಂದರಲ್ಲಿ ಅವಳೂ ಒಬ್ಬಳು. ಹಫೀಜಾ ಬುಟ್ಟಿ ಇಳಿಸಿ, ತಲೆಬಟ್ಟೆ ಸರಿಮಾಡಿಕೊಂಡು, "ದಿನಾ ಹೀಗೇ, ಒಪಾ," ಎಂದು ಒಳಗೆ ಹೋದಳು.

ಸಬೊಹತ್ ಅಲ್ಲಿಂದ ನೇರ ಸಮಿತಿ ಕಚೇರಿಗೆ ಹೋದಳು. ಅಧ್ಯಕ್ಷ ತುರೊಬ್, ನಿವೃತ್ತ ಭೂಗೋಳ ಮೇಷ್ಟ್ರು, ಒಲೆಯ ಹತ್ತಿರ ಕೂತು ವರ್ಷಾಂತ್ಯದ ವರದಿ ಬರೆಯುತ್ತಿದ್ದ.

"ಅಧ್ಯಕ್ಷರೇ, ಇನೊಯತ್ ಮನೆಯವರನ್ನ ಕರೆಸ್ಬೇಕು. ಸೊಸೇನ ಕೂಡಿ ಹಾಕಿದ್ದಾರೆ."

"ಸೊಸೆ ಅಂದ್ರೆ ನಿಮ್ಮ ಮಗಳು."

"ಹೌದು, ನನ್ನ ಮಗಳು."

"ಹೊಡೆದಿದ್ದಾರಾ?"

"ಇಲ್ಲ."

"ಊಟ ಹಾಕ್ತಿಲ್ವಾ?"

"ಹಾಕ್ತಾರೆ."

"ಮತ್ತೆ ಏನಂತ ಬರೆಯೋದು ಒಪಾ? ಬೀಗ ಹಾಕ್ತಾರೆ ಅಂತಾನಾ? ನಾನೂ ಹಾಕ್ತೀನಿ ನಮ್ಮನೆಗೆ." ತುರೊಬ್ ಕಪಾಟಿನಿಂದ ಒಂದು ದಪ್ಪ ಪುಸ್ತಕ ತೆಗೆದು, ಎಂಜಲು ಬೆರಳಿನಲ್ಲಿ ಹಾಳೆ ತಿರುಗಿಸಿ, ಅವಳ ಮುಂದಿಟ್ಟ. "ಓದಿ. ಅಕ್ಷರ ಯಾರದ್ದು?"

ಅಕ್ಷರ ಅವಳದೇ, ದುಂಡಗೆ, ಒಂದೂ ಚಿತ್ತಿಲ್ಲದೆ. 'ಹಫೀಜಾ. ಗಂಡ ಮುಂಗೋಪಿ. ಹೊರಗೆ ಹೋಗಲು ಬಿಡುವುದಿಲ್ಲವೆಂದು ದೂರು. ಕುಟುಂಬದ ಮರ್ಯಾದೆ ದೃಷ್ಟಿಯಿಂದ ಇದು ಸಹಜವೆಂದು ತಿಳಿಹೇಳಲಾಯಿತು. ರಾಜಿಯಾಗಿದೆ.'

"ಅವಳಿಗೆ ಸಹಜ, ನಿಮ್ಮ ಮಗಳಿಗೆ ಅನ್ಯಾಯ. ಹಾಗಂತ ವರದೀಲಿ ಬರೀಲಾ?" ತುರೊಬ್ ಒರಟಾಗಿ ಹೇಳಲಿಲ್ಲ, ಮೇಷ್ಟ್ರು ದಡ್ಡ ವಿದ್ಯಾರ್ಥಿಗೆ ಹೇಳುವಂತೆ ಹೇಳಿದ. "ಡಿಸೆಂಬರಿನಲ್ಲಿ ಮೇಲಿನವರು ಕೇರಿ ನೋಡೋಕೆ ಬರ್ತಾರೆ. ಕೇರಿ ಮಾದರಿ ಕೇರಿ ಆದ್ರೆ ರಸ್ತೆಗೆ ಡಾಂಬರು. ನಿಮ್ಮ ಒಬ್ಬಳು ಮಗಳಿಗೋಸ್ಕರ ಮುನ್ನೂರು ಮನೆ ಕೆಸರು ತುಳೀಬೇಕಾ?"

ಅಂದು ಊಟದ ಹೊತ್ತಿಗೆ ಮನೆಯಲ್ಲಿ ಜಗಳ. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಬುವಿ ಶುರುಮಾಡಿದಳು. "ನಾನು ಸೊಸೆಯಾಗಿ ಬಂದಾಗ ಎರಡು ವರ್ಷ ಬೀದಿ ಬಣ್ಣ ಹೇಗಿದೆ ಅಂತ ಗೊತ್ತಿರ್ಲಿಲ್ಲ. ಸತ್ತೆನಾ?"

"ನೀವು ಸಾಯ್ಲಿಲ್ಲ ಅಂತ ಅವಳೂ ಹಾಗೇ ಇರ್ಬೇಕಾ, ಬುವಿ?"

"ಇಷ್ಟು ವರ್ಷ ಊರಿಗೆಲ್ಲ ನೀನೇ ತಾನೇ ಹಾಗೆ ಹೇಳಿದ್ದು?"

ಸಬೊಹತ್ ಚಮಚ ಕೆಳಗಿಟ್ಟಳು. ಎರ್ಗಶ್ ರೊಟ್ಟಿ ಮುರಿದು ಇಬ್ಬರ ಮುಂದೆಯೂ ಇಟ್ಟು, "ತಿನ್ನಿ, ಮೊದಲು ತಿನ್ನಿ," ಎಂದ. ಇಬ್ಬರೂ ತಿನ್ನಲಿಲ್ಲ.

ನವೆಂಬರಿನ ಮೊದಲ ಶನಿವಾರ ಕಾಲುವೆ ಶುಚಿ ಮಾಡುವ ಶ್ರಮದಾನ. ಮನೆಗೊಬ್ಬರು ಬರಲೇಬೇಕು. ಈ ಸಲ ಮನೆಮನೆಗೆ ಸಾರಿ ಬಂದವಳು ಸಬೊಹತ್. ಇನೊಯತಳ ಬಾಗಿಲಲ್ಲಿ ನಾಲ್ಕು ಜನ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ಅರವತ್ತು ದಾಟಿದವರನ್ನ ಕೆಸರಿಗೆ ಇಳಿಸೋ ಹಾಗಿಲ್ಲ, ಬೀಗಿತ್ತಿ. ಇಲ್ಹೊಮ್‌ಗೆ ಅಂಗಡಿ ಇದೆ, ಸೊಸೇನ ಕಳಿಸಿ." ನಾಲ್ಕು ಜನರ ಮುಂದೆ ಇನೊಯತ್ ಇಲ್ಲವೆನ್ನಲಾರದೆ ಹೋದಳು.

ಶನಿವಾರ ಬೆಳಿಗ್ಗೆ ಒಯ್ದಿನ್ ಸನಿಕೆ ಹೊತ್ತು ಬಂದಳು. ಎಷ್ಟೋ ವಾರಗಳ ಮೇಲೆ ಬೀದಿಯ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಡೆದಳು. ಸಬೊಹತ್ ಕೆಸರಿನಲ್ಲಿ ಅವಳ ಪಕ್ಕಕ್ಕೆ ಹೋಗಿ ನಿಂತು, ತಗ್ಗಿದ ದನಿಯಲ್ಲಿ, "ಸನಿಕೆ ಇಲ್ಲೇ ಬಿಡು. ನಡಿ ಮನೆಗೆ. ಈ ಸಲ ವಾಪಸು ಕಳಿಸಲ್ಲ," ಎಂದಳು.

"ಲೋಲಾ?"

"ಮಗು ಎಲ್ಲಿ?"

"ಒಳಗೆ. ಚಳಿ, ಮಗೂನ ಯಾಕೆ ತಗೊಂಡು ಹೋಗ್ತೀಯ ಅಂದ್ರು. ಬೀಗ ಹಾಕ್ಕೊಂಡ್ರು."

ಒಯ್ದಿನ್ ಮಧ್ಯಾಹ್ನದವರೆಗೆ ಕೆಸರು ಎತ್ತಿದಳು, ಎಲ್ಲರಿಗಿಂತ ಹೆಚ್ಚು. ತುರೊಬ್ ಬಂದು, "ನೋಡಿ, ಇಂಥ ಸೊಸೆಯರಿಂದ ಕೇರಿಗೆ ಹೆಸರು," ಎಂದು ಹೊಗಳಿ ಹೋದ. ಕೆಲಸ ಮುಗಿದ ಮೇಲೆ ಎಲ್ಲರಿಗೂ ಪಲಾವ್ ಬಡಿಸಿದರು. ಒಯ್ದಿನ್ ತನ್ನ ಪಾಲನ್ನು ರೊಟ್ಟಿಯ ಮೇಲೆ ಹಾಕಿಸಿಕೊಂಡು, ಸನಿಕೆಯನ್ನು ಹೆಗಲಿಗೇರಿಸಿ, ಯಾರೂ ಕರೆಯದೆಯೇ ಬಂದ ದಾರಿಯಲ್ಲಿ ವಾಪಸು ಹೋದಳು. ಬಾಗಿಲು ಅವಳಿಗಾಗಿ ತೆರೆಯಿತು, ಮುಚ್ಚಿತು.

ಮುಂದಿನ ಮಂಗಳವಾರ ಸಬೊಹತ್ ಒಲೆಗಳ ಪಟ್ಟಿ ಹಿಡಿದು ಹೊರಟಳು. ಪ್ರತಿ ಚಳಿಗಾಲಕ್ಕೂ ಮೊದಲು ಸಮಿತಿಯವರು ಮನೆಮನೆಯ ಒಲೆ, ಹೊಗೆ ಕೊಳವೆ ನೋಡಬೇಕು. ಇನೊಯತ್ ಬಾಗಿಲು ತೆರೆದಳು. ಒಲೆ ನೋಡಿದ್ದಾಯಿತು, ಕೊಳವೆ ನೋಡಿದ್ದಾಯಿತು. ಇನೊಯತ್ ತಲೆಬಟ್ಟೆ ಕಟ್ಟಿಕೊಳ್ಳುತ್ತಾ, "ಮೂಲೆಮನೆ ಅಜ್ಜ ತೀರ್ಕೊಂಡು ಇವತ್ತಿಗೆ ಇಪ್ಪತ್ತನೇ ದಿನ, ಮುಖ ತೋರಿಸಿ ಬಂದ್ಬಿಡ್ತೀನಿ. ತಾಯಿ ಮಗಳು ಮಾತಾಡ್ತಾ ಇರಿ," ಎಂದು ಹೊರಗೆ ಹೋದಳು.

ಆಮೇಲೆ ಸದ್ದು ಕೇಳಿಸಿತು. ಸರಪಳಿ, ಕೊಂಡಿ, ಕೀಲಿ ತಿರುಗಿದ ಸದ್ದು. ಬೇಕೆಂದು ಮಾಡಿದಳೋ, ಕೈಗೆ ಅಭ್ಯಾಸವಾಗಿತ್ತೋ, ಇನೊಯತ್ ಬೀಗಿತ್ತಿಯನ್ನೂ ಒಳಗೆ ಕೂಡಿ ಹಾಕಿ ಹೋಗಿದ್ದಳು.

ಸಬೊಹತ್ ಓಡಿ ಹೋಗಿ ಬಾಗಿಲು ಎಳೆದಳು. ಬಡಿದಳು. ಒಯ್ದಿನ್ ಅಲ್ಲೇ ಕೂತು ಚಹಾ ಸೋಸುತ್ತಿದ್ದಳು.

"ಕೂತ್ಕೊಳ್ಳಿ ಒಯಿ. ಬಡಿದ್ರೆ ಕೈ ನೋವಾಗತ್ತೆ. ಒಂದು ಗಂಟೇಲಿ ಬರ್ತಾರೆ."

ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಸ್ಸಿನ ವೇಳೆ ಹೇಳುವಂತೆ ಹೇಳಿದ್ದಳು. ಅದನ್ನು ಕೇಳಿದ್ದೇ ಸಬೊಹತ್ ಗಂಡನಿಗೆ ಫೋನ್ ಮಾಡಿದಳು.

"ಕಬ್ಬಿಣ ಕತ್ತರಿಸೋದು ತಗೊಂಡು ಬನ್ನಿ. ನನ್ನನ್ನೂ ಒಳಗೆ ಹಾಕಿ ಬೀಗ ಹಾಕಿದ್ದಾಳೆ."

ಆ ಕಡೆ ಯಾವುದೋ ಫ್ರಿಜ್ಜಿನ ಗುರಗುಟ್ಟುವ ಸದ್ದು. "ಒಂದು ಗಂಟೆ ತಾನೇ? ಅವಳೇ ಬಂದು ತೆಗೀತಾಳೆ. ಬೀದೀಲಿ ನಾಟಕ ಬೇಡ, ಸಬೊಹತ್."

ಅವಳು ಫೋನ್ ಜೇಬಿಗೆ ಹಾಕಿದಳು. ಅಂಗಳದ ಪರ್ಸಿಮನ್ ಮರಕ್ಕೆ ಹಣ್ಣು ಕೀಳುವ ಏಣಿ ಒರಗಿಸಿತ್ತು. ಐವತ್ತೆರಡು ವರ್ಷದ, ಮಂಡಿನೋವಿನ, ಎಂಬತ್ತು ಕಿಲೋ ತೂಕದ ಹೆಂಗಸು ಆ ಏಣಿಯನ್ನು ಎಳೆದು ತಂದು ಗೋಡೆಗೆ ನಿಲ್ಲಿಸಿದಳು.

"ಒಯಿ, ನಿಮಗೇನು ತಲೆ ಕೆಟ್ಟಿದೆಯಾ?"

"ಮಗುಗೆ ಟೋಪಿ ಹಾಕು. ನಿನ್ನ ನರ್ಸ್ ಸರ್ಟಿಫಿಕೇಟ್ ಎಲ್ಲಿದೆ?"

"ಹಾಸಿಗೆ ಕೆಳಗೆ."

"ತಗೊಂಡು ಬಾ."

ಗೋಡೆಯ ಆ ಕಡೆ ಹಫೀಜಾಳ ಅಂಗಳ. ಬಟ್ಟೆ ಒಣಹಾಕುತ್ತಿದ್ದ ಹಫೀಜಾ ತಲೆಯೆತ್ತಿದಾಗ, ಮಹಲ್ಲಾ ಸಮಿತಿಯ ಸಬೊಹತ್ ಒಪಾ ಗೋಡೆಯ ಮೇಲೆ ಕುದುರೆ ಏರಿದಂತೆ ಕೂತಿದ್ದಳು. ಲಂಗ ಹೆಂಚಿಗೆ ಸಿಕ್ಕಿಕೊಂಡಿತ್ತು. ಬೀದಿಯಲ್ಲಿ ಹಾಲು ಕೊಳ್ಳುತ್ತಿದ್ದ ಇಬ್ಬರು ಹೆಂಗಸರು ಬಾಯಿ ತೆರೆದು ನಿಂತಿದ್ದರು.

"ನೋಡ್ತಾ ನಿಂತ್ಕೋಬೇಡ ತಾಯಿ, ಕೈ ಕೊಡು!"

ಹಫೀಜಾ ಬಟ್ಟೆ ಬಿಸಾಕಿ ಬಂದು, ಕೋಳಿಗೂಡಿನ ಮೇಲೆ ಹತ್ತಿ, ಎರಡೂ ತೋಳು ಚಾಚಿದಳು. ಮೊದಲು ಮಗು ಬಂತು, ಆಮೇಲೆ ಒಯ್ದಿನ್, ಕಡೆಗೆ ಸಬೊಹತ್. ಇಳಿಯುವಾಗ ಲಂಗ ಹರಿಯಿತು, ಮಂಡಿ ತರಚಿತು. ಹಫೀಜಾ ಮಂಡಿಯ ರಕ್ತ ಒರೆಸುತ್ತಾ ಪಿಸುಗುಟ್ಟಿದಳು: "ನಮ್ಮ ಗಂಡಸು ಬರೋ ಹೊತ್ತು. ಹಿತ್ತಿಲ ಬಾಗಿಲಲ್ಲಿ ಹೋಗ್ಬಿಡಿ, ಒಪಾ." ಸಬೊಹತ್ ಅವಳ ಮುಖ ನೋಡಲಾರದೆ ಹೊರಟಳು.

ಮನೆಯಲ್ಲಿ ಬುವಿ ಮೂರು ದಿನ ಯಾರೊಂದಿಗೂ ಮಾತಾಡಲಿಲ್ಲ. ಮರುದಿನವೇ ಇಲ್ಹೊಮ್ ಬಂದ. ಮೆತ್ತಗಿನ ಹುಡುಗ, ಬಿಡಿಭಾಗದ ಅಂಗಡಿಯ ಎಣ್ಣೆ ಉಗುರಲ್ಲಿ. "ಅಮ್ಮನ ಸ್ವಭಾವ ಅದು, ಮಾವ. ನಾನು ಸಣ್ಣವನಿದ್ದಾಗ ನನ್ನನ್ನೂ ಹೀಗೇ ಬೀಗ ಹಾಕಿ ಹೋಗೋರು. ಅಭ್ಯಾಸ ಆಗತ್ತೆ."

ಎರ್ಗಶ್ "ಕೂತ್ಕೊ, ಚಹಾ ಕುಡಿ," ಎಂದ. ಬಟ್ಟಲು ತುಂಬಿಸಿ ಕೊಟ್ಟ ಮೇಲೆ ಹೇಳಿದ: "ಅವಳು ಬರಲ್ಲ."

ಸಬೊಹತ್ ಕೇಳಿಸಿಕೊಂಡು ಅಡುಗೆಮನೆಯಲ್ಲೇ ನಿಂತಳು. ಫೋನಿನಲ್ಲಿ ಹೇಳಿದ ಮಾತಿನ ಬಗ್ಗೆ ಗಂಡ ಕ್ಷಮೆ ಕೇಳಲಿಲ್ಲ, ಅವಳೂ ಆ ವಿಷಯ ಎತ್ತಲಿಲ್ಲ.

ತುರೊಬ್ ಬಂದವನು ಒಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಕಚೇರಿಯ ಕೀಲಿ ಕೇಳಿದ. "ಗೋಡೆ ಹಾರೋ ಸಲಹೆಗಾರ್ತಿ ಅಂತ ಪೇಟೇಲಿ ನಗ್ತಿದ್ದಾರೆ, ಒಪಾ. ನಿಮ್ಮ ಜಾಗಕ್ಕೆ ಮುಕದ್ದಸ್‌ನ ಹಾಕಿದೀನಿ." ಒಯ್ದಿನ್ ವಿಚ್ಛೇದನ ಕೋರಿ ನ್ಯಾಯಾಲಯಕ್ಕೆ ಅರ್ಜಿ ಹಾಕಿದಳು. ನ್ಯಾಯಾಲಯ ಎಂದಿನಂತೆ ಕಾಗದವನ್ನು ಮಹಲ್ಲಾ ಸಮಿತಿಗೇ ಕಳಿಸಿತು: ಮೊದಲು ನೀವು ವಿಚಾರಿಸಿ, ನಿಮ್ಮ ಅಭಿಪ್ರಾಯ ಬರೆದು ಕಳಿಸಿ.

ಡಿಸೆಂಬರಿನ ಎರಡನೆಯ ವಾರ ಸಮಿತಿ ಕೂತಿತು. ಒಂಬತ್ತು ವರ್ಷ ಮೇಜಿನ ಆ ಕಡೆ ಕೂತಿದ್ದ ಸಬೊಹತ್ ಈಗ ಮಗಳ ಪಕ್ಕ ಈ ಕಡೆ ಕೂತಳು. ಎದುರಿಗೆ ತುರೊಬ್, ಮುಕದ್ದಸ್, ಬಿಳಿಗಡ್ಡದ ಇಬ್ಬರು ಹಿರಿಯರು. ಗೋಡೆಗೆ ಒರಗಿ ಇನೊಯತ್ ಅಳುತ್ತಿದ್ದಳು, ನಿಜವಾಗಿಯೇ ಅಳುತ್ತಿದ್ದಳು. ಎಲ್ಲರೂ ಪ್ರೀತಿಯಿಂದ ಮಾತಾಡಿದರು. ಎರಡು ಗಂಟೆ ಮಾತಾಡಿದರು. ಮಗುವಿಗೆ ತಂದೆ ಬೇಕು, ಅತ್ತೆಗೆ ವಯಸ್ಸಾಯಿತು, ಗಂಡ ಕುಡಿಯುವುದಿಲ್ಲ, ಇನ್ನೇನು ಬೇಕಮ್ಮ. ಚಹಾ ತಣ್ಣಗಾದಾಗಲೆಲ್ಲ ಮುಕದ್ದಸ್ ಬಿಸಿ ಮಾಡಿ ತಂದಳು. ಎದ್ದು ಹೋಗುವಂತಿರಲಿಲ್ಲ. ಯಾರೂ ತಡೆಯುತ್ತಲೂ ಇರಲಿಲ್ಲ.

ಕಡೆಗೆ ತುರೊಬ್ ಸಬೊಹತಳ ಕಡೆ ತಿರುಗಿದ. "ಒಪಾ, ನಿಮ್ಮ ಕಾಲದಲ್ಲಿ ಒಬ್ಬಳನ್ನಾದ್ರೂ ಮೊದಲ ಅರ್ಜೀಲೇ ಬಿಡಿಸಿ ಕಳಿಸಿದ್ರಾ?"

"ಇಲ್ಲ."

"ಮತ್ತೆ ನಿಮ್ಮ ಮಗಳಿಗೆ ಮಾತ್ರ ಹೇಗೆ ಕೇಳ್ತೀರಿ?"

"ಅವಳಿಗೆ ಮಾತ್ರ ಅಂತ ಯಾರು ಹೇಳಿದ್ರು?" ಸಬೊಹತ್ ಚಹಾ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಹನ್ನೊಂದು ಜನಾನ ಕರ್ಕೊಂಡು ಹೋಗಿ ಬಿಟ್ಟೆ. ಒಬ್ಬಳ ಮನೆಗಾದ್ರೂ ತಿರುಗಿ ಹೋಗಿ ಹೇಗಿದ್ದೀಯಾ ಅಂತ ಕೇಳ್ಲಿಲ್ಲ. ರಾಜಿಯಾಗಿದೆ ಅಂತ ಬರೆದೆ. ಬರೆದಿದ್ದು ತಪ್ಪು ಅಂತ ಇವತ್ತು ಬರ್ಕೊಳ್ಳಿ, ನಾನು ಸಹಿ ಹಾಕ್ತೀನಿ."

ಯಾರೂ ಬರೆದುಕೊಳ್ಳಲಿಲ್ಲ. ಹಿರಿಯರಲ್ಲೊಬ್ಬ ಕೆಮ್ಮಿದ. "ಮೇಲಿನವರು ಬಂದು ಹೋಗ್ಲಿ," ಎಂದು ತುರೊಬ್ ಕನ್ನಡಕ ತೆಗೆದು ಒರೆಸಿದ. ಯೋಚಿಸಲು ಆರು ತಿಂಗಳ ಗಡುವು, ಅಲ್ಲಿಯವರೆಗೆ ಒಯ್ದಿನ್ ಇನೊಯತಳ ಮನೆಯ ಸೊಸೆಯೇ ಎಂದು ಬರೆದು ಮೊಹರು ಒತ್ತಿದರು.

ತಾಯಿ ಮಗಳು ಹೊರಗೆ ಬಂದರು. ಕಾಲುವೆ ಅಂಚಿಗೆ ತೆಳುವಾಗಿ ಮಂಜು ಕಟ್ಟಿತ್ತು. ಬಾಗಿಲುಗಳಲ್ಲಿ ನಿಂತಿದ್ದ ಹೆಂಗಸರು ನಮಸ್ಕಾರಕ್ಕೆ ಮೊದಲು ಒಂದು ಕ್ಷಣ ತಡೆದು, ಆಮೇಲೆ ತಲೆಬಾಗಿಸಿದರು. ಒಂದು ಗಲ್ಲಿ ದಾಟಿದ ಮೇಲೆ ಒಯ್ದಿನ್ ಕೇಳಿದಳು:

"ಒಳಗೆ ಹೇಳಿದ್ದು ನಿಜಾನಾ ಒಯಿ? ಇಲ್ಲಾ ನನ್ನ ಬಿಡಿಸೋಕೆ ಹೇಳಿದ್ರಾ?"

ಸಬೊಹತ್ ನಿಂತಳು. "ನಿನ್ನನ್ನ ಮೊದಲ ದಿನ ಕರ್ಕೊಂಡು ಹೋಗಿ ಬಿಟ್ಟೆನಲ್ಲ, ಅವತ್ತೇ ಬೀಗ ನೋಡಿದ್ದೆ. ಮೊಳೇಲಿ ನೇತಾಡ್ತಿತ್ತು. ನೋಡಿಯೂ ಚಹಾ ಕುಡಿದು ಎದ್ದು ಬಂದೆ."

ಒಯ್ದಿನ್ ತಲೆಬಟ್ಟೆಯ ತುದಿಯನ್ನು ಕತ್ತಿನ ಸುತ್ತ ಬಿಗಿಮಾಡಿಕೊಂಡಳು.

"ನೀವು ಬೀಗ ನೋಡಿದ್ದನ್ನ ನಾನೂ ಅವತ್ತೇ ನೋಡ್ದೆ," ಎಂದಳು. "ಚಹಾ ಬಗ್ಗಿಸ್ತಾ ಇದ್ದವಳು ನಾನೇ ತಾನೇ."